ಜಾಝ್ ಆಲ್ಬಮ್ ಕೇಳೋಕೆ ಶುರು ಮಾಡೋರಿಗೆ: ಕವರ್ ಹಿಂದಿನ ಹೆಸರು ಹಿಡ್ಕೊಂಡು ಹೊರಡಿ

ಜಾಝ್ ಕೇಳ್ಬೇಕು ಅಂತ ಆಸೆ ಇದೆ ಆದ್ರೆ ಎಲ್ಲಿಂದ ಶುರು ಮಾಡೋದು ಅಂತ ತುಂಬ ಜನ ಕೇಳ್ತಾರೆ. ನಾನೂ ಒಂದು ಕಾಲದಲ್ಲಿ ಹಾಗೇ ಇದ್ದೆ. ಎಲ್ಲೋ ಸಿಕ್ಕಿದ ಕೇಳಲೇಬೇಕಾದ ನೂರು ಆಲ್ಬಮ್‌ಗಳ ಪಟ್ಟಿ ಇಟ್ಕೊಂಡು ದಿನಕ್ಕೊಂದು ಅಂತ ಕೇಳ್ತಾ ಹೋದೆ, ಹದಿನೈದು ದಿನ ಆಗೋಷ್ಟರಲ್ಲಿ ಎಲ್ಲ ಕಲಸುಮೇಲೋಗರ ಆಗಿ ಯಾವುದರಲ್ಲಿ ಯಾರು ನುಡಿಸಿದ್ರು ಅನ್ನೋದು ಒಂದೂ ನೆನಪಿಲ್ಲ, ಒಂದು ಸಾಲು ಕೂಡ ಬಾಯಲ್ಲಿ ನಿಂತಿಲ್ಲ. ಬಿಟ್ಟುಬಿಟ್ಟೆ. ಆಮೇಲೆ ಎಷ್ಟೋ ದಿನ ಆದ್ಮೇಲೆ ಹಳೇ ಎಲ್‌ಪಿ ಮಾರೋ ಅಂಗಡಿಲಿ ಸುಮ್ಮನೆ ಕವರ್‌ಗಳನ್ನ ತಿರುಗಿಸಿ ನೋಡ್ತಾ ನಿಂತಿದ್ದಾಗ, ಮೂರು ಬೇರೆ ಬೇರೆ ಆಲ್ಬಮ್‌ಗಳ ಹಿಂದೆ ಬೇಸ್ (ಕೆಳಗಿನ ಸ್ವರ ನುಡಿಸೋ ದೊಡ್ಡ ತಂತಿವಾದ್ಯ) ಅಂತ ಇರೋ ಕಡೆ ಒಂದೇ ಹೆಸರು ಕಾಣಿಸ್ತು, ಪಾಲ್ ಚೇಂಬರ್ಸ್. ಮನೆಗೆ ಬಂದು ಆ ಮೂರನ್ನೂ ಮತ್ತೆ ಹಾಕಿ ಬೇರೆ ಯಾವುದಕ್ಕೂ ಕಿವಿ ಕೊಡದೆ ಆ ಬೇಸ್ ಒಂದನ್ನೇ ಹಿಡ್ಕೊಂಡು ಕೇಳ್ದೆ. ಅವತ್ತೇ ಜಾಝ್ ನನ್ನ ಕಿವಿಗೆ ಬಿದ್ದಿದ್ದು.

ಅದಕ್ಕೇ ಈ ಲೇಖನದಲ್ಲಿ ಹೇಳೋದು ಒಂದೇ ದಾರಿ. ಆಲ್ಬಮ್ ಬೆನ್ನು ಹತ್ತಬೇಡಿ, ನುಡಿಸಿದವರ ಬೆನ್ನು ಹತ್ತಿ. ಕಛೇರಿಗೆ ಹೋಗೋರು ಹಾಡೋದು ಯಾರು ಅಂತ ಕೇಳಿದ ತಕ್ಷಣ "ಪಕ್ಕವಾದ್ಯ ಯಾರು, ಮೃದಂಗ ಯಾರು" ಅಂತ ಕೇಳ್ತಾರಲ್ಲ, ಅದೇ ಪ್ರಶ್ನೆ ಇಲ್ಲೂ ಕೇಳ್ಬೇಕು. 1950ರ ದಶಕದ ಜಾಝ್ ಆಲ್ಬಮ್ ಅಂದ್ರೆ ನಾಲ್ಕರಿಂದ ಏಳು ಜನ ಒಂದು ರೂಮಲ್ಲಿ ಸೇರಿ ಒಂದೋ ಎರಡೋ ದಿನದಲ್ಲಿ ನುಡಿಸಿ ಎದ್ದು ಹೋಗಿರೋದು, ಅವರೇ ಮುಂದಿನ ವಾರ ಇನ್ನೊಬ್ಬರ ರೆಕಾರ್ಡಿಂಗ್‌ನಲ್ಲಿ ಪಕ್ಕವಾದ್ಯಕ್ಕೆ ಕೂತಿರ್ತಾರೆ. ಒಬ್ಬರ ಪರಿಚಯ ಆಯ್ತು ಅಂದ್ರೆ ಹತ್ತು ಆಲ್ಬಮ್‌ಗಳ ಬಾಗಿಲು ತೆರೀತು ಅಂತಲೇ ಅರ್ಥ.

ಕೇಳೋಕೆ ಮುಂಚೆ

ಮೊದಲು ಫೋನ್ ಸ್ಪೀಕರ್‌ನಲ್ಲಿ ಕೇಳೋದು ಬಿಡಿ. ಅದರಲ್ಲಿ ಡಬಲ್ ಬೇಸ್ ಕೇಳಿಸೋದೇ ಇಲ್ಲ, ಬೇಸ್ ಇಲ್ಲದ ಜಾಝ್ ಶ್ರುತಿ ಇಲ್ಲದ ಸಂಗೀತದ ಹಾಗೆ. ದುಬಾರಿ ಹೆಡ್‌ಫೋನ್ ಏನೂ ಬೇಡ, ಕೆಳಗಿನ ಸ್ವರ ಸ್ಪಷ್ಟವಾಗಿ ಕೇಳಿಸೋ ಸಾಧಾರಣ ಇಯರ್‌ಫೋನ್ ಇದ್ರೆ ಸಾಕು. ಆ್ಯಪ್‌ನಲ್ಲಿ ಶಫಲ್ ಆಫ್ ಮಾಡಿ.

ಇನ್ನೊಂದು, ಇದು ಹೊಸಬರಿಗೆ ಯಾರೂ ಹೇಳಲ್ಲ: ಆ್ಯಪ್‌ಗಳಲ್ಲಿ ಈಗ ಸಿಗೋ ಆಲ್ಬಮ್‌ಗಳ ಕೊನೇಲಿ ಬೋನಸ್ ಅಂತ, ಆಲ್ಟರ್ನೇಟ್ ಟೇಕ್ ಅಂತ ಇನ್ನಷ್ಟು ಸೇರಿಸಿರ್ತಾರೆ, ಒಂದೇ ಟ್ಯೂನ್ ಎರಡೆರಡು ಸಲ ಬರ್ತಾ ಇರುತ್ತೆ, ಕೇಳೋರಿಗೆ ಬೇಜಾರಾಗಿ ಹೋಗುತ್ತೆ. ಮೂಲ ಎಲ್‌ಪಿಲಿ ಎಷ್ಟಿತ್ತೋ ಅಷ್ಟೇ ಕೇಳಿ. ಮುಂದೆ ನಾನು ಹೇಳೋ ಆಲ್ಬಮ್‌ಗಳಲ್ಲಿ ಕೈಂಡ್ ಆಫ್ ಬ್ಲೂ ಅಂದ್ರೆ ಐದು ಟ್ರ್ಯಾಕ್, ಮೋನಿನ್ ಅಂದ್ರೆ ಆರು, ಬ್ಲೂ ಟ್ರೇನ್ ಅಂದ್ರೆ ಐದು, ಎ ಲವ್ ಸುಪ್ರೀಮ್ ಅಂದ್ರೆ ನಾಲ್ಕೇ. ಉಳಿದಿದ್ದು ಆಮೇಲೆ ನೋಡೋಣ.

ಮತ್ತೆ ಒಂದು ನೋಟ್‌ಬುಕ್ ಇಡಿ. ಆ್ಯಪ್‌ಗಳಲ್ಲಿ ದೊಡ್ಡದಾಗಿ ಕಾಣೋದು ಮುಖ್ಯ ಕಲಾವಿದರ ಹೆಸರು, ಉಳಿದವರನ್ನ ಹುಡುಕ್ಬೇಕು. ನೆಟ್‌ನಲ್ಲಿ ಹಿಂಬದಿ ಕವರಿನ ಫೋಟೊ ಸಿಗುತ್ತೆ, ಅದು ನೋಡ್ಕೊಂಡು ಪ್ರತಿ ಆಲ್ಬಮ್‌ಗೂ ಯಾರು ಯಾವ ವಾದ್ಯ, ಯಾವ ತಾರೀಕು, ಯಾವ ಸ್ಟುಡಿಯೊ ಅಂತ ನಿಮ್ಮ ಕೈಯಲ್ಲೇ ಬರ್ಕೊಳ್ಳಿ. ಟೈಪ್ ಮಾಡೋದಕ್ಕಿಂತ ಬರೆದ್ರೆ ಹೆಸರು ತಲೇಲಿ ಉಳಿಯುತ್ತೆ, ನನ್ನ ಅನುಭವ.

ಮೊದಲನೇ ಹೆಜ್ಜೆ: ಮೋನಿನ್

ಎಲ್ಲರೂ ಕೈಂಡ್ ಆಫ್ ಬ್ಲೂ ಇಂದ ಶುರು ಮಾಡಿ ಅಂತಾರೆ, ನಾನು ಮಾತ್ರ ಆರ್ಟ್ ಬ್ಲೇಕಿ ಮತ್ತು ಜಾಝ್ ಮೆಸೆಂಜರ್ಸ್ ಅವರ ಮೋನಿನ್ ಇಂದ ಅಂತೀನಿ. 1958ರ ಅಕ್ಟೋಬರ್ 30ನೇ ತಾರೀಕು ಒಂದೇ ದಿನದಲ್ಲಿ ರೆಕಾರ್ಡ್ ಆಗಿದ್ದು, ಬ್ಲೂ ನೋಟ್ ಕಂಪನಿಗೆ. ಡ್ರಮ್ಸ್ ಬ್ಲೇಕಿ, ಪಿಯಾನೊ ಬಾಬಿ ಟಿಮ್ಮನ್ಸ್, ಬೇಸ್ ಜಿಮಿ ಮೆರಿಟ್, ಟೆನರ್ ಸ್ಯಾಕ್ಸ್ (ಸ್ಯಾಕ್ಸೊಫೋನ್) ಬೆನ್ನಿ ಗೋಲ್ಸನ್, ಟ್ರಂಪೆಟ್ ಲೀ ಮಾರ್ಗನ್. ಮಾರ್ಗನ್‌ಗೆ ಆಗ ಬರೀ 20 ವರ್ಷ.

ಮೊದಲನೇ ಟ್ರ್ಯಾಕ್ ಹಾಕಿ, ಅದರ ಹೆಸರೂ ಮೋನಿನ್ನೇ. ಪಿಯಾನೊ ಒಂಟಿಯಾಗಿ ಒಂದು ಸಾಲು ಹೇಳುತ್ತೆ, ಉಳಿದವರೆಲ್ಲ ಸೇರಿ ಎರಡೇ ಸ್ವರದಲ್ಲಿ ಹೂಂಗುಡ್ತಾರೆ. ಮತ್ತೆ ಪಿಯಾನೊ ಒಂದು ಸಾಲು, ಮತ್ತೆ ಹೂಂ. ಭಜನೆಲಿ ಒಬ್ಬರು ಹೇಳಿಕೊಟ್ಟು ಮಿಕ್ಕವರು ಹಿಂದೆ ಹೇಳ್ತಾರಲ್ಲ, ಅದೇ ಜಾಡು, ಯಾಕಂದ್ರೆ ಇದು ಬಂದಿದ್ದೇ ಅಮೆರಿಕದ ಕಪ್ಪು ಜನರ ಚರ್ಚ್‌ಗಳಿಂದ, ಪಾದ್ರಿ ಒಂದು ಮಾತು ಹೇಳಿದ್ರೆ ಸಭೆ ಹೂಂ ಅನ್ನೋ ಪದ್ಧತಿ. ಸ್ವಲ್ಪ ಹೊತ್ತಿಗೆ ಪಾತ್ರ ಅದಲುಬದಲಾಗಿ ಟ್ರಂಪೆಟ್ ಸ್ಯಾಕ್ಸ್ ಹೇಳಿಕೊಡ್ತವೆ, ಹೂಂಗುಡೋ ಕೆಲಸ ಪಿಯಾನೊ ಬೇಸ್ ಡ್ರಮ್ಸ್‌ಗೆ ಬರುತ್ತೆ. ಆಮೇಲೆ ಮಾರ್ಗನ್ ಸೋಲೋ, ಅಂದ್ರೆ ಅವರೊಬ್ಬರೇ ಮುಂದೆ ಬಂದು ಮನೋಧರ್ಮದಿಂದ ನುಡಿಸೋದು. ಅದು ಮುಗಿಯೋ ಜಾಗದಲ್ಲಿ ಕಿವಿ ನಿಮಿರಿಸಿ ಕೂತ್ಕೊಳ್ಳಿ: ಮಾರ್ಗನ್ ಕೊನೇಗೆ ನುಡಿಸಿದ ಮಾತನ್ನೇ ಎತ್ಕೊಂಡು ಗೋಲ್ಸನ್ ತಮ್ಮ ಸೋಲೋ ಶುರು ಮಾಡ್ತಾರೆ. ಬರೆದಿಟ್ಟಿದ್ದಲ್ಲ ಅದು, ಆ ಕ್ಷಣಕ್ಕೆ ಕೇಳಿಸಿಕೊಂಡು ಉತ್ತರ ಕೊಟ್ಟಿದ್ದು. ಜಾಝ್ ಅಂದ್ರೆ ಏನು ಅಂತ ಯಾರಾದ್ರೂ ಕೇಳಿದ್ರೆ ನಾನು ಆ ಜಾಗ ತೋರಿಸ್ತೀನಿ.

ಎರಡನೇ ಹೆಜ್ಜೆ: ಕೈಯಲ್ಲಿ ತಾಳ ಹಾಕಿ ಎಣಿಸಿ

ಇಲ್ಲಿ ಒಂದು ಸಣ್ಣ ಲೆಕ್ಕ ಕಲಿತರೆ ಅರ್ಧ ಗೊಂದಲ ಹೋಗುತ್ತೆ. ಹೆಚ್ಚಿನ ಟ್ಯೂನ್‌ಗಳ ಕಟ್ಟಡ ಹೀಗೆ: ಮೊದಲು ಎಲ್ಲರೂ ಸೇರಿ ರಾಗದ ಸಾಲು ನುಡಿಸ್ತಾರೆ, ಅದಕ್ಕೆ ಅವರು ಹೆಡ್ ಅಂತಾರೆ, ನಾವು ಪಲ್ಲವಿ ಅಂದ್ಕೊಳ್ಳೋಣ. ಆಮೇಲೆ ಒಬ್ಬೊಬ್ಬರ ಸೋಲೋ, ಕೊನೇಗೆ ಮತ್ತೆ ಹೆಡ್. ಸೋಲೋ ನಡೀತಿರುವಾಗ ಹೆಡ್ ಕೇಳಿಸದೇ ಇದ್ರೂ ಅದರ ಉದ್ದ, ಅದರ ಸ್ವರಗಳ ಜೋಡಣೆ ಅಡಿಯಲ್ಲಿ ತಿರುಗ್ತಾನೇ ಇರುತ್ತೆ, ಸ್ವರಕಲ್ಪನೆ ಹಾಡೋರು ತಾಳ ಬಿಡದೆ ಎಡುಪ್ಪಿಗೆ (ಸಾಲು ಎತ್ತಿಕೊಳ್ಳೋ ಜಾಗಕ್ಕೆ) ಬಂದು ಸೇರೋ ಹಾಗೆ ಇವರೂ ಸುತ್ತು ಮುಗಿಯೋ ಜಾಗಕ್ಕೆ ಬಂದು ಸೇರ್ತಾರೆ. ಒಂದು ಸುತ್ತಿಗೆ ಕೋರಸ್ ಅಂತ ಹೆಸರು.

ಮೋನಿನ್ ಆಗಲಿ, ಮುಂದೆ ಕೇಳೋ ಕೈಂಡ್ ಆಫ್ ಬ್ಲೂನ ಮೊದಲ ಟ್ಯೂನ್ ಸೋ ವಾಟ್ ಆಗಲಿ ಒಂದು ಸುತ್ತು ಅಂದ್ರೆ 32 ಬಾರ್, ಬಾರಿಗೆ ನಾಲ್ಕು ಏಟು. ಒಟ್ಟು 128. ಆದಿತಾಳ ಗೊತ್ತಿರೋರಿಗೆ ಸಲೀಸು, ಏಟಿಗೊಂದು ಅಕ್ಷರದಂತೆ ಸರಿಯಾಗಿ ಹದಿನಾರು ಆವರ್ತ. ಅದನ್ನ ನಾಲ್ಕು ನಾಲ್ಕು ಆವರ್ತದ ನಾಲ್ಕು ತುಂಡು ಮಾಡಿ. ಮೊದಲ ಎರಡು ತುಂಡು ಒಂದೇ ತರ, ಮೂರನೇದು ಬೇರೆ, ನಾಲ್ಕನೇದು ಮತ್ತೆ ಮೊದಲಿನ ತರ. ಒಂದು ವಾರ ಬೇರೇನೂ ಕೇಳದೆ ಇದೊಂದೇ ಮಾಡಿ, ಮೂರನೇ ತುಂಡು ಬರೋದು ತಾನಾಗೇ ಗೊತ್ತಾಗೋಕೆ ಶುರು ಆಗುತ್ತೆ, ಆ ಖುಷಿ ಬೇರೆ.

ಮೂರನೇ ಹೆಜ್ಜೆ: ಕೈಂಡ್ ಆಫ್ ಬ್ಲೂ, ಒಂದೊಂದು ದಿನ ಒಂದೊಂದು ವಾದ್ಯ

ಈಗ ಬನ್ನಿ ಇಲ್ಲಿಗೆ. ನ್ಯೂಯಾರ್ಕ್‌ನ 30ನೇ ಬೀದಿಲಿ ಒಂದು ಹಳೇ ಚರ್ಚ್ ಕಟ್ಟಡವನ್ನ ಕೊಲಂಬಿಯಾ ಕಂಪನಿ ಸ್ಟುಡಿಯೊ ಮಾಡ್ಕೊಂಡಿತ್ತು, ಎತ್ತರದ ಸೂರು, ಮರದ ನೆಲ. ಅಲ್ಲಿ 1959ರ ಮಾರ್ಚ್ 2 ಮತ್ತು ಏಪ್ರಿಲ್ 22, ಎರಡೇ ದಿನ. ಟ್ರಂಪೆಟ್ ಮೈಲ್ಸ್ ಡೇವಿಸ್, ಟೆನರ್ ಸ್ಯಾಕ್ಸ್ ಜಾನ್ ಕೋಲ್ಟ್ರೇನ್, ಆಲ್ಟೊ ಸ್ಯಾಕ್ಸ್ (ಟೆನರ್‌ಗಿಂತ ಮೇಲಿನ ಶ್ರುತಿಯದು) ಕ್ಯಾನನ್‌ಬಾಲ್ ಆಡರ್ಲಿ, ಪಿಯಾನೊ ಬಿಲ್ ಇವಾನ್ಸ್, ಬೇಸ್ ಪಾಲ್ ಚೇಂಬರ್ಸ್, ಡ್ರಮ್ಸ್ ಜಿಮ್ಮಿ ಕಾಬ್. ಫ್ರೆಡ್ಡಿ ಫ್ರೀಲೋಡರ್ ಅನ್ನೋ ಒಂದೇ ಟ್ಯೂನ್‌ಗೆ ಮಾತ್ರ ಪಿಯಾನೊ ವಿಂಟನ್ ಕೆಲಿ. ಆ ಹೊತ್ತಿಗೆ ಡೇವಿಸ್ ಬ್ಯಾಂಡಿನ ಪಿಯಾನೊ ಕೆಲಿ ಅವರದೇ, ಇವಾನ್ಸ್ ಬ್ಯಾಂಡ್ ಬಿಟ್ಟು ಹೋಗಿದ್ರು, ಈ ರೆಕಾರ್ಡಿಂಗ್‌ಗೆ ಅಂತ ಕರೆಸಿದ್ದು. ಎರಡನ್ನೂ ಹಿಂದೆಹಿಂದೆ ಕೇಳಿ ನೋಡಿ, ಕೆಲಿ ಬೆರಳಲ್ಲಿ ಕುಣಿತ ಇದೆ, ಇವಾನ್ಸ್ ಬೆರಳು ಕೀ ಮೇಲೆ ಇಳಿಯೋದೇ ಬೇರೆ ತರ, ಹಗುರ, ಯೋಚನೆ ಮಾಡ್ಕೊಂಡು ಇಡೋ ಹೆಜ್ಜೆ.

ಸೋ ವಾಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು. ಮೊದಲು ಪಿಯಾನೊ ಬೇಸ್ ಇಬ್ರೇ ತಾಳ ಇಲ್ಲದೆ ಮಾತಾಡ್ಕೊತಾರೆ, ಆಲಾಪನೆ ತರ. ಆಮೇಲೆ ಬೇಸ್ ಹೆಡ್ ನುಡಿಸುತ್ತೆ, ಉಳಿದವರು ಎರಡು ಸ್ವರದಲ್ಲಿ ಉತ್ತರ ಕೊಡ್ತಾರೆ, ಮೋನಿನ್‌ನಲ್ಲಿ ಕೇಳಿದ್ದೇ, ಆದ್ರೆ ಇಲ್ಲಿ ಪಿಸುಮಾತಲ್ಲಿ. ಇದರಲ್ಲಿರೋದು ಎರಡೇ ಸ್ವರಗುಚ್ಛ. ಮೊದಲ ಎಂಟು ಆವರ್ತ ಡೋರಿಯನ್ ಅಂತ ಅವರು ಕರೆಯೋ ಮೋಡ್, ಅದರ ಸ್ವರಸ್ಥಾನಗಳು ನಮ್ಮ ಖರಹರಪ್ರಿಯದವೇ. ಮೂರನೇ ತುಂಡಿನ ನಾಲ್ಕು ಆವರ್ತ ಅದೇ ಖರಹರಪ್ರಿಯ, ಆದ್ರೆ ಶ್ರುತಿಪೆಟ್ಟಿಗೆಲಿ ಯಾರೋ ಆಧಾರ ಷಡ್ಜವನ್ನ ಒಂದೇ ಒಂದು ಸ್ವರಸ್ಥಾನ ಮೇಲಕ್ಕೆ ಸರಿಸಿದ ಹಾಗೆ, ಕೊನೇ ನಾಲ್ಕು ಆವರ್ತ ಮತ್ತೆ ಕೆಳಗೆ ಮನೆಗೆ. ಗಮಕ ಇಲ್ಲ ಆದ್ದರಿಂದ ರಾಗದ ಮುಖ ಬೇರೆ ಅನ್ಸುತ್ತೆ ನಿಜ, ಆದ್ರೆ ರಿ ಗ ಧ ನಿ ಎಲ್ಲ ಕೂತಿರೋ ಜಾಗ ನಿಮಗೆ ಗೊತ್ತಿರೋದೇ, ಸರಿಗಮ ಹಾಕ್ಕೊಂಡು ಡೇವಿಸ್ ಸೋಲೋ ಜೊತೆ ಗುನುಗಿ ನೋಡಿ.

ಒಂದೂವರೆ ನಿಮಿಷದ ಹತ್ರ ಒಂದು ಜಾಗ ಬರುತ್ತೆ. ಹೆಡ್ ಮುಗಿದು ಡೇವಿಸ್ ಸೋಲೋಗೆ ಕಾಲಿಡ್ತಾರೆ, ಸರಿಯಾಗಿ ಆಗಲೇ ಕಾಬ್ ಸಿಂಬಲ್ ಮೇಲೆ ಒಂದು ಹೊಡೆತ ಕೊಡ್ತಾರೆ, ಅದರ ನಾದ ಆ ಚರ್ಚಿನ ಸೂರಿಗೆ ತಾಗಿ ಹರಡಿ ಟ್ರಂಪೆಟ್‌ನ ಮೊದಲ ಸ್ವರಗಳ ಕೆಳಗೆ ನಿಧಾನಕ್ಕೆ ಕರಗ್ತಾ ಹೋಗುತ್ತೆ, ಅಲ್ಲೀವರೆಗೆ ಪಿಸುಗುಟ್ಟುತ್ತಿದ್ದ ಬ್ಯಾಂಡ್ ಆ ಒಂದು ಏಟಿಗೆ ನಡೆಯೋಕೆ ಶುರು ಮಾಡುತ್ತೆ. ಎಷ್ಟು ನೂರು ಸಲ ಕೇಳಿದ್ರೂ ಅಲ್ಲಿಗೆ ಬಂದಾಗ ನನ್ನ ಮೈ ಜುಮ್ ಅನ್ನುತ್ತೆ.

ಈಗ ಕೆಲಸ. ಆಲ್ಬಮ್ ಮುಕ್ಕಾಲು ಗಂಟೆ. ಒಂದು ದಿನ ಪೂರ್ತಿ ಬೇಸ್ ಮಾತ್ರ ಹಿಡೀರಿ, ಸೋಲೋ ಯಾರದ್ದೇ ಆಗ್ಲಿ ಕಣ್ಣು ಮುಚ್ಕೊಂಡು ಕೆಳಗಡೆನೇ ಇರಿ. ಮಾರನೇ ದಿನ ಡ್ರಮ್ಸ್, ಅದರಲ್ಲೂ ಸಿಂಬಲ್. ಮೂರನೇ ದಿನ ಪಿಯಾನೊ, ಬೇರೆಯವರ ಸೋಲೋ ಹಿಂದೆ ಇವಾನ್ಸ್ ಎಲ್ಲೆಲ್ಲಿ ಸುಮ್ಮನಿದ್ದಾರೆ ಅಂತ ನೋಡಿ. ನಾಲ್ಕನೇ ದಿನ ಎರಡು ಸ್ಯಾಕ್ಸ್‌ಗಳನ್ನ ಬೇರೆಬೇರೆ ಗುರುತು ಹಿಡಿಯೋ ದಿನ. ಸೋ ವಾಟ್‌ನಲ್ಲಿ ಡೇವಿಸ್ ಆದ್ಮೇಲೆ ಬರೋದು ಕೋಲ್ಟ್ರೇನ್, ಆಮೇಲೆ ಆಡರ್ಲಿ. ಕೋಲ್ಟ್ರೇನ್ ಹುಡುಕ್ತಾ ಇರ್ತಾರೆ, ಒಂದು ಮಾತನ್ನ ಹತ್ತು ಕಡೆಯಿಂದ ಹೇಳಿ ನೋಡ್ತಾರೆ. ಆಡರ್ಲಿ ದನಿ ಬೆಲ್ಲದ ಪಾಕ, ಅಲ್ಲೂ ಬ್ಲೂಸ್ (ಅಮೆರಿಕದ ಕಪ್ಪು ಜನರ ಹಳೇ ಹಾಡಿನ ಧಾಟಿ) ಇಣುಕುತ್ತೆ. ಬ್ಲೂ ಇನ್ ಗ್ರೀನ್‌ನಲ್ಲಿ ಆಡರ್ಲಿ ನುಡಿಸಿಲ್ಲ, ಅಲ್ಲಿ ಟ್ರಂಪೆಟ್ ಬಾಯಿಗೆ ಮ್ಯೂಟ್ ಅನ್ನೋ ಸದ್ದು ತಗ್ಗಿಸೋ ಮುಚ್ಚಳ ಹಾಕಿ ಡೇವಿಸ್ ನುಡಿಸೋದನ್ನ ರಾತ್ರಿ ಮಲಗೋ ಮುಂಚೆ ಕೇಳಿ.

ಹಳೇ ಎಲ್‌ಪಿ ಕೊಳ್ಳೋರಿಗೆ ಒಂದು ಮಾತು. ಮಾರ್ಚ್ 2ರಂದು ಟೇಪ್ ಮೆಷಿನ್ ಸ್ವಲ್ಪ ನಿಧಾನಕ್ಕೆ ಓಡಿತ್ತು, ಅದರಿಂದ ಮಾಮೂಲಿ ವೇಗದಲ್ಲಿ ಹಾಕಿದಾಗ ಮೊದಲ ಮೂರು ಟ್ಯೂನ್ ಶ್ರುತಿ ಸ್ವಲ್ಪ ಏರಿ ಬಂತು. ದಶಕಗಳ ಕಾಲ ಎಲ್‌ಪಿ ಹಾಗೇ ಮಾರಾಟ ಆದ್ವು, 1990ರ ದಶಕದಲ್ಲಿ ಸರಿ ಮಾಡಿದ್ರು. ಜೊತೆಗೆ ವಾದ್ಯ ಇಟ್ಕೊಂಡು ನುಡಿಸಿ ಕಲಿಯೋ ಆಸೆ ಇದ್ರೆ ಹೊಸ ಮುದ್ರಣವನ್ನೇ ತಗೊಳ್ಳಿ.

ನಾಲ್ಕನೇ ಹೆಜ್ಜೆ: ಒಬ್ಬರನ್ನ ಆರಿಸ್ಕೊಂಡು ಹಿಂಬಾಲಿಸಿ

ನಾನು ಹಿಂಬಾಲಿಸಿದ್ದು ಚೇಂಬರ್ಸ್ ಅವರನ್ನ. 1957ರ ಸೆಪ್ಟೆಂಬರ್ 15ರ ಬ್ಲೂ ಟ್ರೇನ್, ಕೋಲ್ಟ್ರೇನ್ ನಾಯಕತ್ವದ್ದು, ಅದರಲ್ಲೂ ಬೇಸ್ ಇವರೇ, ಟ್ರಂಪೆಟ್ ನಮ್ಮ ಮೋನಿನ್ ಹುಡುಗ ಲೀ ಮಾರ್ಗನ್. ನೋಡಿ, ಎರಡೇ ಆಲ್ಬಮ್ ಕೇಳಿರೋರಿಗೆ ಮೂರನೇದರಲ್ಲಿ ಆಗಲೇ ಮೂವರು ಪರಿಚಯದವರು. ಮೊಮೆಂಟ್ಸ್ ನೋಟಿಸ್ ಅನ್ನೋ ಟ್ಯೂನ್‌ನಲ್ಲಿ ಚೇಂಬರ್ಸ್ ತಂತಿ ಮೀಟೋದು ಬಿಟ್ಟು ಕಮಾನು ಹಿಡಿದು ಸೋಲೋ ನುಡಿಸ್ತಾರೆ, ಪಿಟೀಲಿನ ಅಜ್ಜನ ಕೊರಳ ಹಾಗಿರುತ್ತೆ. ಚೇಂಬರ್ಸ್ 1969ರಲ್ಲಿ ತೀರಿಹೋದ್ರು, 33 ವರ್ಷಕ್ಕೆ. ಮಾರ್ಗನ್ 1972ರಲ್ಲಿ ಒಂದು ಕ್ಲಬ್ಬಿನಲ್ಲಿ ಗುಂಡೇಟಿಗೆ ಸತ್ತಾಗಲೂ 33. ಬ್ಲೂ ಟ್ರೇನ್ ಕೇಳುವಾಗ ಇದು ನೆನಪಾಗಿ ಸಂಕಟ ಆಗುತ್ತೆ.

ಬ್ಲೂ ಟ್ರೇನ್, ಮೋನಿನ್ ಎರಡೂ ರೆಕಾರ್ಡ್ ಆಗಿದ್ದು ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್ ಊರಲ್ಲಿ ರೂಡಿ ವ್ಯಾನ್ ಗೆಲ್ಡರ್ ಅನ್ನೋ ಎಂಜಿನಿಯರ್ ಅವರ ಅಪ್ಪ ಅಮ್ಮನ ಮನೆ ಹಾಲ್‌ನಲ್ಲಿ. ಆತ ಆಗ ಹಗಲು ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡೋ ಕೆಲಸ ಮಾಡ್ಕೊಂಡು ಬಿಡುವಲ್ಲಿ ರೆಕಾರ್ಡಿಂಗ್ ಮಾಡ್ತಿದ್ರು, 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಸ್ವಂತ ಸ್ಟುಡಿಯೊ ಕಟ್ಟಿಸಿದ್ರು. ಅವರ ಹೆಸರೂ ನೋಟ್‌ಬುಕ್ಕಿಗೆ ಸೇರಲಿ, ವಾದ್ಯ ನುಡಿಸದೇ ಇದ್ರೂ ಆ ಕಾಲದ ಧ್ವನಿ ಅವರ ಕೈದು.

ಮುಂದಿನದು ಜಾಯಂಟ್ ಸ್ಟೆಪ್ಸ್, ಇದೂ ಕೋಲ್ಟ್ರೇನ್ ಅವರದ್ದೇ. ಹೊಸಬರು ಇದರ ಮೊದಲ ಟ್ರ್ಯಾಕ್ ಕೇಳಿ ಹೆದರ್ತಾರೆ, ನಾನೂ ಪಟ್ಟಿ ಹಿಡ್ಕೊಂಡಿದ್ದ ಕಾಲದಲ್ಲಿ ಇಲ್ಲೇ ನಿಂತುಹೋಗಿದ್ದು. ಹಾಗಾಗಿ ಶಫಲ್ ಬೇಡ ಅಂದಿದ್ದಕ್ಕೆ ಇಲ್ಲೊಂದು ವಿನಾಯ್ತಿ, ಮೊದಲು ನಾಯಿಮಾ ಕೇಳಿ. ಕೋಲ್ಟ್ರೇನ್ ಹೆಂಡತಿ ಹೆಸರಿನ ಟ್ಯೂನ್, ಪಿಯಾನೊ ಕೆಲಿ, ಬೇಸ್ ಚೇಂಬರ್ಸ್, ಡ್ರಮ್ಸ್ ಕಾಬ್, ಅಂದ್ರೆ ಫ್ರೆಡ್ಡಿ ಫ್ರೀಲೋಡರ್‌ನ ಪಕ್ಕವಾದ್ಯವೇ ಇಲ್ಲಿಗೂ ಬಂದಿದೆ. ಆಮೇಲೆ ಮಿಸ್ಟರ್ ಪಿಸಿ, ಆ ಪಿಸಿ ಅಂದ್ರೆ ಪಾಲ್ ಚೇಂಬರ್ಸ್. ಆಮೇಲೆ ಮೊದಲ ಟ್ರ್ಯಾಕಿಗೆ ವಾಪಸ್ ಬನ್ನಿ. ಆ ಟ್ರ್ಯಾಕ್ ರೆಕಾರ್ಡ್ ಆಗಿದ್ದು 1959ರ ಮೇ ತಿಂಗಳು, ಸೋ ವಾಟ್ ಆಗಿ ಎರಡೇ ತಿಂಗಳು. ಅದೇ ಸ್ಯಾಕ್ಸ್, ಅದೇ ಬೇಸ್. ಅಲ್ಲಿ ಇಡೀ ಸುತ್ತಿಗೆ ಎರಡೇ ಸ್ವರಗುಚ್ಛ, ಇಲ್ಲಿ ಓಡೋ ವೇಗದಲ್ಲಿ ಎರಡೆರಡು ಏಟಿಗೆ ಒಂದೊಂದು ಬದಲಾಗ್ತಾ ಹೋಗುತ್ತೆ. ಪಿಯಾನೊದ ಟಾಮಿ ಫ್ಲನಗನ್ ಸೋಲೋ ಬಂದಾಗ ತಡವರಿಸೋದು, ತುಂಡುತುಂಡಾಗಿ ಮಾತಾಡೋದು ಸ್ಪಷ್ಟವಾಗಿ ಕೇಳುತ್ತೆ. ಆದ್ರೆ ಅಷ್ಟಕ್ಕೇ ಅವರನ್ನ ಅಳೀಬೇಡಿ. 1956ರ ಸ್ಯಾಕ್ಸೊಫೋನ್ ಕೊಲೋಸಸ್ ಹಾಕಿ, ಸೋನಿ ರೋಲಿನ್ಸ್ ಅವರದ್ದು, ಅಲ್ಲಿ ಪಿಯಾನೊ ಇದೇ ಫ್ಲನಗನ್, ಎಷ್ಟು ಆರಾಮಾಗಿ ಮುತ್ತು ಪೋಣಿಸಿದ ಹಾಗೆ ನುಡಿಸ್ತಾರೆ ನೋಡಿ. ಮುಂದೆ 1982ರಲ್ಲಿ ಅವರೇ ಜಾಯಂಟ್ ಸ್ಟೆಪ್ಸ್ ಅನ್ನೋ ಹೆಸರಲ್ಲೇ ಕೋಲ್ಟ್ರೇನ್ ನೆನಪಿಗೆ ಒಂದು ಪೂರ್ತಿ ಆಲ್ಬಮ್ ಮಾಡಿದ್ರು. 23 ವರ್ಷ ಆ ಟ್ಯೂನನ್ನ ಮರೀಲಿಲ್ಲ ಆ ಮನುಷ್ಯ. ಹೆಸರು ಹಿಂಬಾಲಿಸದೇ ಇದ್ದಿದ್ರೆ ಈ ಕಥೆ ನನಗೆ ಸಿಗ್ತಾನೇ ಇರ್ಲಿಲ್ಲ.

ಕೊಲೋಸಸ್‌ನ ಮೊದಲ ಟ್ಯೂನ್ ಸೇಂಟ್ ಥಾಮಸ್ ಕೆರಿಬಿಯನ್ ಧಾಟಿ, ಚಿಕ್ಕ ಮಕ್ಕಳೂ ತಲೆದೂಗ್ತಾರೆ. ರೋಲಿನ್ಸ್ 1960ರ ದಶಕದ ಕೊನೇಲಿ ಬಾಂಬೆಗೆ ಬಂದು ಪೊವೈನ ಆಶ್ರಮದಲ್ಲಿ ಕೆಲವು ಕಾಲ ಇದ್ದು ಯೋಗ ವೇದಾಂತ ಕಲಿತು ಹೋದವರು.

ಪಿಯಾನೊ ಇಷ್ಟ ಆದವರು ಇವಾನ್ಸ್ ಹಿಂದೆ ಹೋಗಿ. 1961ರ ಜೂನ್ 25, ಭಾನುವಾರ, ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್. ಬೇಸ್ ಸ್ಕಾಟ್ ಲಫಾರೊ, ಡ್ರಮ್ಸ್ ಪಾಲ್ ಮೋಶನ್. ಆ ಒಂದು ದಿನದ ಕಛೇರಿಯಿಂದ ಸಂಡೇ ಅಟ್ ದ ವಿಲೇಜ್ ವ್ಯಾನ್‌ಗಾರ್ಡ್, ವಾಲ್ಟ್ಸ್ ಫಾರ್ ಡೆಬಿ ಅಂತ ಎರಡು ಆಲ್ಬಮ್ ಬಂದ್ವು. ಹೆಡ್‌ಫೋನ್ ಹಾಕಿದ್ರೆ ಗ್ಲಾಸು ತಾಗೋ ಸದ್ದು, ಯಾರೋ ಮಾತಾಡಿ ನಗೋದು ಎಲ್ಲ ಕೇಳುತ್ತೆ, ಆ ಸದ್ದಿನ ನಡುವೆ ಪಿಯಾನೊ ಮತ್ತೆ ಬೇಸ್ ಇಬ್ಬರೂ ಸರಿಸಮನಾಗಿ ಮಾತಾಡ್ತಾ ಇರ್ತಾರೆ, ಇಲ್ಲಿ ಬೇಸ್ ಬರೀ ಪಕ್ಕವಾದ್ಯ ಅಲ್ಲ. ಇದಾಗಿ ಎರಡು ವಾರ ಕೂಡ ತುಂಬೋ ಮುಂಚೆ ಲಫಾರೊ ಕಾರು ಅಪಘಾತದಲ್ಲಿ ಹೋದ್ರು, 25 ವರ್ಷದ ಹುಡುಗ.

ಮಾತು ಇರೋ ಹಾಡೇ ಬೇಕು ಅನ್ನೋರಿಗೆ 1956ರ ಎಲ್ಲಾ ಆ್ಯಂಡ್ ಲೂಯಿ ಸಾಕು, ಎಲ್ಲಾ ಫಿಟ್ಜೆರಾಲ್ಡ್ ಮತ್ತೆ ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ್ದು, ಪಿಯಾನೊ ಆಸ್ಕರ್ ಪೀಟರ್ಸನ್. ಮನೇಲಿ ಎಲ್ಲರೂ ಕೂತು ಕೇಳೋ ಆಲ್ಬಮ್.

ತಾಳದ ರುಚಿ ಇರೋರಿಗೆ ಟೈಮ್ ಔಟ್

ಈ ಆಲ್ಬಮ್ ನುಡಿಸಿದ ಡೇವ್ ಬ್ರೂಬೆಕ್ ಕ್ವಾರ್ಟೆಟ್ (ನಾಲ್ವರ ತಂಡ) 1958ರಲ್ಲಿ ಅಮೆರಿಕ ಸರ್ಕಾರದ ಕಡೆಯಿಂದ ಟರ್ಕಿ, ಭಾರತ ಎಲ್ಲ ಸುತ್ತಿ ಹೋದವರು. ಇಸ್ತಾಂಬುಲ್ ಬೀದಿಲಿ ಒಂಬತ್ತರ ಲಯ ಕೇಳಿ ಬ್ರೂಬೆಕ್ ಬ್ಲೂ ರೊಂಡೊ ಆಲಾ ಟರ್ಕ್ ಕಟ್ಟಿದ್ರು, ಎರಡು ಎರಡು ಎರಡು ಮೂರು ಅಂತ ಮೂರು ಸಲ, ನಾಲ್ಕನೇ ಸಲ ಮೂರು ಮೂರು ಮೂರು. ಕೈಯಲ್ಲಿ ಹಾಕಿ ನೋಡಿ. ಇದೂ 1959ರದ್ದೇ, ಅದೇ ಚರ್ಚ್ ಸ್ಟುಡಿಯೊ.

ಟೇಕ್ ಫೈವ್ ಎಲ್ಲರೂ ಎಲ್ಲಾದ್ರೂ ಕೇಳೇ ಇರ್ತೀರ. ಬರೆದವರು ಆಲ್ಟೊ ಸ್ಯಾಕ್ಸ್ ನುಡಿಸೋ ಪಾಲ್ ಡೆಸ್ಮಂಡ್, ಬ್ರೂಬೆಕ್ ಅಲ್ಲ. ನಮ್ಮ ದೊಡ್ಡಮ್ಮ ಮನೇಲಿ ಮಕ್ಕಳಿಗೆ ಸಂಗೀತ ಹೇಳಿಕೊಡೋರು, ಒಂದಿನ ಪಾಠ ಮುಗಿದ್ಮೇಲೆ ನಾನು ಇದನ್ನ ಹಾಕ್ದೆ. ಅವರು ಸುಮ್ಮನೆ ತೊಡೆ ಮೇಲೆ ತಟ್ಟುತ್ತಾ ಸ್ವಲ್ಪ ಹೊತ್ತು ಕೇಳಿ "ಇದು ಖಂಡ ಚಾಪು ಕಣೇ, ಆದ್ರೆ ಹಿಂದುಮುಂದಾಗಿದೆ, ನಾವು ಎರಡು ಮೂರು ಅಂತೀವಿ, ಇವರು ಮೂರು ಎರಡು ಅಂತಿದ್ದಾರೆ" ಅಂದ್ರು. ಆಮೇಲೆ ಜೋ ಮೊರೆಲ್ಲೊ ಅವರ ಡ್ರಮ್ ಸೋಲೋ ಬಂತು, ಅಷ್ಟು ಹೊತ್ತೂ ಬ್ರೂಬೆಕ್ ಪಿಯಾನೊದಲ್ಲಿ ಅದೇ ಐದರ ನಡೆ ಬಿಡದೆ ಹಿಡ್ಕೊಂಡಿರ್ತಾರೆ, ದೊಡ್ಡಮ್ಮ ಅದನ್ನ ತೋರಿಸಿ "ನೋಡು, ತನಿ ಬಿಟ್ಟು ತಾಳ ಹಾಕ್ತಾ ಕೂತಿದ್ದಾರೆ" ಅಂದ್ರು. ತನಿ ಅಂದ್ರೆ ಕಛೇರಿಲಿ ಮೃದಂಗದವರಿಗೆ ಬಿಟ್ಟುಕೊಡೋ ಸೋಲೋ. ಎಷ್ಟೋ ಪುಸ್ತಕ ಓದಿದ್ರೂ ನನಗೆ ಅಷ್ಟು ಚೆನ್ನಾಗಿ ಯಾರೂ ಹೇಳಿರ್ಲಿಲ್ಲ. ಡೆಸ್ಮಂಡ್ 1977ರಲ್ಲಿ ತೀರಿಕೊಂಡಾಗ ಈ ಟ್ಯೂನಿನ ರಾಯಲ್ಟಿಯನ್ನ ಅಮೆರಿಕದ ರೆಡ್ ಕ್ರಾಸ್‌ಗೆ ಬರೆದಿಟ್ಟು ಹೋದ್ರು.

ಎ ಲವ್ ಸುಪ್ರೀಮ್‌ಗೆ ಒಂದು ಸಂಜೆ ಮೀಸಲಿಡಿ

ಇದನ್ನ ಬಸ್ಸಲ್ಲಿ, ಅಡುಗೆ ಮಾಡ್ತಾ ಕೇಳ್ಬೇಡಿ ದಯವಿಟ್ಟು. 33 ನಿಮಿಷ ಅಷ್ಟೇ. 1964ರ ಡಿಸೆಂಬರ್ 9, ವ್ಯಾನ್ ಗೆಲ್ಡರ್ ಅವರ ಹೊಸ ಸ್ಟುಡಿಯೊ, ಕೋಲ್ಟ್ರೇನ್ ಜೊತೆ ಪಿಯಾನೊ ಮೆಕಾಯ್ ಟೈನರ್, ಬೇಸ್ ಜಿಮ್ಮಿ ಗ್ಯಾರಿಸನ್, ಡ್ರಮ್ಸ್ ಎಲ್ವಿನ್ ಜೋನ್ಸ್. ಮದ್ಯ, ಹೆರಾಯಿನ್ ಚಟದಿಂದ 1957ರಲ್ಲಿ ಹೊರಗೆ ಬಂದಿದ್ದು ದೇವರ ದಯೆಯಿಂದ ಅಂತ ನಂಬಿದ್ದ ಕೋಲ್ಟ್ರೇನ್ ಅದಕ್ಕೆ ಕೃತಜ್ಞತೆಯಾಗಿ ಅರ್ಪಿಸಿದ ಸಂಗೀತ ಇದು.

ಶುರುವಲ್ಲಿ ಬೇಸ್ ನಾಲ್ಕು ಸ್ವರ ನುಡಿಸುತ್ತೆ, ಆಲ್ಬಮ್ ಹೆಸರಿನ ನಾಲ್ಕು ಉಚ್ಚಾರ ಅದು. ಮೊದಲ ಭಾಗದ ಕೊನೆ ಹತ್ರ ಕೋಲ್ಟ್ರೇನ್ ಆ ನಾಲ್ಕನ್ನೇ ಹನ್ನೆರಡೂ ಶ್ರುತಿಗೆ ಒಯ್ದು ನುಡಿಸಿ, ಆಮೇಲೆ ಸ್ಯಾಕ್ಸ್ ಕೆಳಗಿಟ್ಟು ಬಾಯಲ್ಲೇ ಜಪ ಮಾಡ್ತಾರೆ. ಎಲ್ಲೆಲ್ಲಿ ಹುಡುಕಿದ್ರೂ ಅದೇ ಅನ್ನೋ ಹಾಗೆ.

ಕೊನೇ ಭಾಗದ ಹೆಸರು ಸಾಮ್ (Psalm), ಅಂದ್ರೆ ಸ್ತೋತ್ರ. ಕವರಿನ ಒಳಗೆ ಕೋಲ್ಟ್ರೇನ್ ಬರೆದ ಒಂದು ಪ್ರಾರ್ಥನೆ ಅಚ್ಚಾಗಿದೆ, ಅದನ್ನ ಮುಂದೆ ಇಟ್ಕೊಂಡು ಸಾಲುಸಾಲಾಗಿ ಬೆರಳಿಟ್ಟು ಕೇಳಿ. ಸ್ಯಾಕ್ಸ್ ಆ ಪ್ರಾರ್ಥನೆಯನ್ನ ಓದ್ತಾ ಇದೆ, ಉಚ್ಚಾರ ಉಚ್ಚಾರಕ್ಕೂ ಸ್ವರ. ತಾಳ ಇಲ್ಲ, ಮಾತು ಎಷ್ಟು ಉದ್ದವೋ ಸ್ವರ ಅಷ್ಟು ಉದ್ದ. ನಾವು ಗಮಕ ವಾಚನ ಕೇಳಿ ಬೆಳೆದವರು, ಕುಮಾರವ್ಯಾಸನ ಪದ್ಯವನ್ನ ತಾಳದ ಹಂಗಿಲ್ಲದೆ ರಾಗದಲ್ಲಿ ಓದೋದು ನಮಗೆ ಹೊಸದಲ್ಲ, ಆದ್ದರಿಂದ ಈ ಭಾಗ ನಮ್ಮ ಕಿವಿಗೆ ಬೇಗ ಒಗ್ಗುತ್ತೆ ಅಂತ ನನಗೆ ಬಲವಾಗಿ ಅನ್ಸುತ್ತೆ. ಮುಗಿದ ತಕ್ಷಣ ಇನ್ನೊಂದು ಹಾಡು ಶುರು ಆಗದ ಹಾಗೆ ಆಟೋಪ್ಲೇ ಆಫ್ ಮಾಡಿಟ್ಟಿರಿ.

ಕೊನೇ ಹೆಜ್ಜೆ: ಮಿಂಗಸ್ ಹಿಡ್ಕೊಂಡು ಊರಿಗೆ ಬನ್ನಿ

ಇಲ್ಲೀವರೆಗೆ ಬಂದವರು ಆರ್ನೆಟ್ ಕೋಲ್ಮನ್ ಅವರ ದ ಶೇಪ್ ಆಫ್ ಜಾಝ್ ಟು ಕಮ್ ಕೂಡ ಕೇಳಬಹುದು, ಪಿಯಾನೊನೇ ಇಲ್ಲದ ಬ್ಯಾಂಡು, ಮೊದಲ ಟ್ಯೂನ್ ಲೋನ್ಲಿ ವುಮನ್ ಸಾಕು ಸದ್ಯಕ್ಕೆ. ನನಗೆ ಹೇಳ್ಬೇಕಾಗಿರೋದು ಚಾರ್ಲ್ಸ್ ಮಿಂಗಸ್ ಬಗ್ಗೆ.

ಬೇಸ್ ನುಡಿಸ್ತಾ ಇಡೀ ಬ್ಯಾಂಡನ್ನ ನಡೆಸ್ತಿದ್ದ ಮಿಂಗಸ್ ಅವರ ಆಲ್ಬಮ್ "ಮಿಂಗಸ್ ಆ ಅಮ್", ಮತ್ತೆ 1959ರ ಮೇ. ಅದರಲ್ಲಿ ಗುಡ್‌ಬೈ ಪೋರ್ಕ್ ಪೈ ಹ್ಯಾಟ್ ಅಂತ ಒಂದು ನಿಧಾನದ ಟ್ಯೂನ್ ಇದೆ, ಎರಡು ತಿಂಗಳ ಹಿಂದಷ್ಟೇ ತೀರಿಹೋಗಿದ್ದ ಸ್ಯಾಕ್ಸ್ ವಾದಕ ಲೆಸ್ಟರ್ ಯಂಗ್ ನೆನಪಿಗೆ, ಆ ಹೆಸರಿನ ಚಪ್ಪಟೆ ಟೋಪಿ ಹಾಕ್ಕೊಳ್ತಿದ್ದವರು ಅವರು. ಅದರಲ್ಲಿ ಟೆನರ್ ಸೋಲೋ ಜಾನ್ ಹ್ಯಾಂಡಿ ಅವರದ್ದು, ಒಂದು ಕಡೆ ಸ್ವರವನ್ನ ಬಿಕ್ಕಿದ ಹಾಗೆ ನಡುಗಿಸ್ತಾರೆ. ಆ ಹೆಸರು ಬರ್ಕೊಳ್ಳಿ. 1980ರಲ್ಲಿ ಬಾಂಬೆ ಜಾಝ್ ಹಬ್ಬಕ್ಕೆ ಬಂದಿದ್ದ ಇದೇ ಜಾನ್ ಹ್ಯಾಂಡಿ ನಮ್ಮ ಕದ್ರಿ ಗೋಪಾಲನಾಥ್ ಅವರ ಸ್ಯಾಕ್ಸೊಫೋನ್ ಕೇಳಿ, ನಾನೂ ನಿಮ್ಮ ಜೊತೆ ನುಡಿಸ್ಲಾ ಅಂತ ಕೇಳಿ ವೇದಿಕೆ ಹತ್ತಿದ್ದು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸ್ ಕೇಳಿ ಮನಸೋತು ಅದನ್ನ ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಗೋಪಾಲನಾಥ್ ಬೆಳೆದಿದ್ದು ಅಪ್ಪನ ನಾಗಸ್ವರ ಕೇಳ್ಕೊಂಡು.

ಇನ್ನೊಂದು ಕೊಂಡಿ ಮಿಂಗಸ್ ಅವರ 1963ರ ದ ಬ್ಲ್ಯಾಕ್ ಸೇಂಟ್ ಆ್ಯಂಡ್ ದ ಸಿನ್ನರ್ ಲೇಡಿ. ಇದರ ಕವರ್ ಟಿಪ್ಪಣಿ ಬರೆದವರಲ್ಲಿ ಮಿಂಗಸ್‌ಗೆ ಚಿಕಿತ್ಸೆ ಕೊಡ್ತಿದ್ದ ಮನಃಶಾಸ್ತ್ರಜ್ಞರೂ ಒಬ್ಬರು, ಹಿಂಬದಿ ಓದೋ ಅಭ್ಯಾಸ ಇರೋರಿಗೆ ಅದೂ ಸಿಗುತ್ತೆ. ಅಲ್ಲಿ ಕೂಗಿ ಅಳೋ ಆಲ್ಟೊ ಸ್ಯಾಕ್ಸ್ ಚಾರ್ಲಿ ಮರಿಯಾನೊ ಅವರದ್ದು. ಈ ಮರಿಯಾನೊ ಮುಂದೆ ನಾಗಸ್ವರ ಕಲಿತರು, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನ ಮೃದಂಗದ ಟಿ.ಎ.ಎಸ್. ಮಣಿ, ಗಾಯಕಿ ಆರ್.ಎ. ರಮಾಮಣಿ ಅವರ ಜೊತೆ ಸೇರಿ ಜ್ಯೋತಿ ಅಂತ ಆಲ್ಬಮ್ ಮಾಡಿದ್ರು, 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿಯಿಂದ ಬಂತು. ನಮ್ಮ ಕರಾವಳಿಯ ಹುಡುಗ ನಾಗಸ್ವರದಿಂದ ಸ್ಯಾಕ್ಸ್‌ಗೆ ಹೋದ್ರೆ ಬಾಸ್ಟನ್ನಿನಲ್ಲಿ ಹುಟ್ಟಿದವರು ಸ್ಯಾಕ್ಸ್‌ನಿಂದ ನಾಗಸ್ವರಕ್ಕೆ ಬಂದ್ರು.

ಒಂದು ಭಾನುವಾರ ಬಿಡುವು ಮಾಡ್ಕೊಂಡು ಬ್ಲ್ಯಾಕ್ ಸೇಂಟ್ ಪೂರ್ತಿ ಕೇಳಿ, ಮರಿಯಾನೊ ದನಿ ಚೆನ್ನಾಗಿ ಗುರುತು ಮಾಡ್ಕೊಳ್ಳಿ, ಒಂದು ಲೋಟ ಕಾಫಿ ಕುಡಿದು ಬಂದು ಜ್ಯೋತಿ ಹಾಕಿ. ರಮಾಮಣಿ ಅವರ ಕಂಠದ ಪಕ್ಕದಲ್ಲಿ ಅದೇ ದನಿ ಇಪ್ಪತ್ತು ವರ್ಷ ಆದ್ಮೇಲೆ ಹೇಗೆ ತಗ್ಗಿ ನಿಂತಿದೆ ಅಂತ ಕೇಳಿ, ನೋಟ್‌ಬುಕ್‌ನಲ್ಲಿ ಎರಡೂ ಆಲ್ಬಮ್‌ಗಳ ಪುಟದಲ್ಲಿ ಆ ಹೆಸರಿನ ಕೆಳಗೆ ಗೆರೆ ಎಳೀರಿ.